ವಿಮಾನ ಇಳಿದ ಮೇಲೆ: ದೇವನಹಳ್ಳಿಯಿಂದ ತುಮಕೂರು, ಗುಬ್ಬಿ, ಕುಣಿಗಲ್‌ಗೆ

ದೆಹಲಿಯಿಂದ ಮೂರು ತಾಸಿನೊಳಗೆ ಬೆಂಗಳೂರಿಗೆ ಹಾರಿ ಬಂದವರು ಅಲ್ಲಿಂದ ತುಮಕೂರು ಸೇರಲು ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಅಮೆರಿಕದಿಂದ ಬಂದ ಮಗ, ಕೊಲ್ಲಿಯಿಂದ ರಜೆಗೆ ಬಂದ ಅಳಿಯ, ಗುಬ್ಬಿಯ ಎಚ್‌ಎಎಲ್ ಕಾರ್ಖಾನೆಗೆ ಕೆಲಸದ ಮೇಲೆ ಬಂದ ಎಂಜಿನಿಯರ್, ಸಿದ್ಧಗಂಗೆಗೆ ಬಂದ ಭಕ್ತರು ಎಲ್ಲರೂ ನಿಲ್ದಾಣದ ಹೊರಗೆ ನಿಂತು ಕೇಳುವುದು ಒಂದೇ ಪ್ರಶ್ನೆ: ಈಗ ಯಾವ ಕಡೆಯಿಂದ ಹೋಗೋಣ? ಬಹುಪಾಲು ಜನ ಉತ್ತರಕ್ಕೆ ಕಾಯದೆ ಹೆಬ್ಬಾಳದ ಕಡೆ ಹೊರಟುಬಿಡುತ್ತಾರೆ. ತೊಂದರೆ ಶುರುವಾಗುವುದು ಅಲ್ಲೇ.

ನಿಮ್ಮ ಊರು ಇರುವುದು ನಿಲ್ದಾಣದ ಪಶ್ಚಿಮಕ್ಕೆ. ಬೆಂಗಳೂರು ಇರುವುದು ದಕ್ಷಿಣಕ್ಕೆ. ತುಮಕೂರಿಗೆ ಹೋಗಬೇಕಾದವರು ಬೆಂಗಳೂರಿನೊಳಗೆ ಕಾಲಿಡಲೇಬೇಕೆಂಬ ನಿಯಮವೇನೂ ಇಲ್ಲ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಗಳೆಲ್ಲ ಸಲೀಸು.

ಎಲ್ಲರೂ ಹೆಬ್ಬಾಳಕ್ಕೇ ಏಕೆ ಹೋಗುತ್ತಾರೆ?

2008ರ ಮೇ 24ರವರೆಗೆ ನಾಗರಿಕ ವಿಮಾನಗಳು ಇಳಿಯುತ್ತಿದ್ದುದು ಎಚ್‌ಎಎಲ್ ನಿಲ್ದಾಣದಲ್ಲಿ. ಅಲ್ಲಿಂದ ತುಮಕೂರಿಗೆ ಹೊರಟವರು ಇಡೀ ಬೆಂಗಳೂರನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಬೇಕಿತ್ತು. ದೇವನಹಳ್ಳಿಗೆ ನಿಲ್ದಾಣ ಬಂದಾಗ ನಮಗೆ ಅನುಕೂಲವೇ ಆಯಿತು. ಆದರೆ ನಿಲ್ದಾಣಕ್ಕಾಗಿ ಅಗಲಗೊಂಡ ರಸ್ತೆ, ಬಸ್ಸು, ಫಲಕ ಎಲ್ಲವೂ ಬೆಂಗಳೂರಿನ ಪ್ರಯಾಣಿಕರನ್ನು ನೋಡಿ ಆದದ್ದು, ಹೀಗಾಗಿ ಎಲ್ಲವೂ ಹೆಬ್ಬಾಳಕ್ಕೆ ಕರೆದೊಯ್ಯುತ್ತವೆ. ಪಶ್ಚಿಮದ ದೊಡ್ಡಬಳ್ಳಾಪುರ–ಡಾಬಸ್‌ಪೇಟೆ ರಸ್ತೆ ಬಹುಕಾಲ ಲಾರಿಗಳ ಹಿಂದೆ ತೆವಳುವ ಕಿರುದಾರಿಯಾಗಿತ್ತು. ಆಗ ಹೆಬ್ಬಾಳದ ದಾರಿ ಹಿಡಿದವರನ್ನು ತಪ್ಪೆನ್ನುವಂತಿರಲಿಲ್ಲ.

ಈಗ ಪರಿಸ್ಥಿತಿ ಬೇರೆ. ಉಪನಗರ ವರ್ತುಲ ರಸ್ತೆ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಟಿಆರ್‌ಆರ್ ಆಗಿರುವ ಹೆದ್ದಾರಿ, ಡಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಪೋಣಿಸುತ್ತದೆ. ಇದರ ದೊಡ್ಡಬಳ್ಳಾಪುರ–ಹೊಸಕೋಟೆ ಭಾಗಕ್ಕೆ 2024ರ ಮಾರ್ಚ್‌ನಲ್ಲಿ ಪ್ರಧಾನಿಯಿಂದ ಉದ್ಘಾಟನೆಯಾಯಿತು. ದೊಡ್ಡಬಳ್ಳಾಪುರದಿಂದ ಡಾಬಸ್‌ಪೇಟೆಯವರೆಗಿನ ರಸ್ತೆಯೂ ಅಗಲವಾಗಿದೆ. ತುಮಕೂರಿನವರಿಗೆ ನಿಲ್ದಾಣದಿಂದ ನಿಜವಾದ ಎರಡನೇ ಆಯ್ಕೆ ಸಿಕ್ಕಿದ್ದು ಹೀಗೆ.

ಇನ್ನು ಹೆಬ್ಬಾಳದ ದಾರಿ ಏಕೆ ಕಟ್ಟಿಕೊಳ್ಳುತ್ತದೆ ಎನ್ನುವುದನ್ನೂ ನೋಡಿ. ಹೆಬ್ಬಾಳದಿಂದ ಬಿಇಎಲ್ ವೃತ್ತ ದಾಟಿ ಗೊರಗುಂಟೆಪಾಳ್ಯಕ್ಕೆ ಬರುವ ಹೊರವರ್ತುಲ ರಸ್ತೆಯಲ್ಲಿ ನಗರದ ದಿನನಿತ್ಯದ ವಾಹನಗಳಿರುತ್ತವೆ. ಗೊರಗುಂಟೆಪಾಳ್ಯದಲ್ಲಿ ಅವಕ್ಕೆ ಮೆಜೆಸ್ಟಿಕ್, ಯಶವಂತಪುರಗಳಿಂದ ಬರುವ ಬಸ್ಸುಗಳು ಸೇರುತ್ತವೆ. ಪೀಣ್ಯದ ಕಾರ್ಖಾನೆಗಳ ಲಾರಿಗಳು ಅದರ ಮೇಲೆ. ಮಾದಾವರದ ಬಳಿ ನೈಸ್ ರಸ್ತೆಯಿಂದ ಮತ್ತಷ್ಟು ಬಂದು ಬೀಳುತ್ತವೆ. ಹಾಸನ, ಮಂಗಳೂರು, ಧರ್ಮಸ್ಥಳದ ಕಡೆಯವರು, ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ಕಡೆಯವರು ಎಲ್ಲರೂ ಬೇರೆಯಾಗುವುದು ನೆಲಮಂಗಲದಲ್ಲಿ. ಅಲ್ಲಿಯವರೆಗೆ ಅರ್ಧ ಕರ್ನಾಟಕ ಒಂದೇ ರಸ್ತೆಯಲ್ಲಿ. ಶುಕ್ರವಾರ ಸಂಜೆ, ಹಬ್ಬದ ಮುನ್ನಾದಿನ ಇದು ಹೇಗಿರುತ್ತದೆ ಎಂದು ಯುಗಾದಿಗೆ ಊರಿಗೆ ಹೊರಟ ಯಾರನ್ನಾದರೂ ಕೇಳಿ.

ಮೊದಲು ಗಡಿಯಾರ, ಆಮೇಲೆ ನಕ್ಷೆ

ದೂರದ ಲೆಕ್ಕದಲ್ಲಿ ಎರಡು ದಾರಿಗಳಿಗೂ ಭಾರೀ ಅಂತರವಿಲ್ಲ. ನಿಲ್ದಾಣದಿಂದ ದೊಡ್ಡಬಳ್ಳಾಪುರ, ಡಾಬಸ್‌ಪೇಟೆ ಮೂಲಕ ತುಮಕೂರು ಸುಮಾರು 85 ಕಿ.ಮೀ. ಹೆಬ್ಬಾಳ, ಗೊರಗುಂಟೆಪಾಳ್ಯ, ನೆಲಮಂಗಲದ ಮೂಲಕ ಅದಕ್ಕಿಂತ ಹತ್ತು ಕಿ.ಮೀ. ಆಸುಪಾಸು ಹೆಚ್ಚು. ನಿರ್ಧಾರ ಮಾಡಿಸಬೇಕಾದದ್ದು ಕಿಲೋಮೀಟರ್ ಅಲ್ಲ, ನೀವು ಎಷ್ಟು ಗಂಟೆಗೆ ಹೊರಬರುತ್ತೀರಿ ಎನ್ನುವುದು.

ವಿಮಾನ ಇಳಿಯುವ ಹೊತ್ತನ್ನು ಹಿಡಿದು ಲೆಕ್ಕ ಹಾಕಬೇಡಿ. ದೇಶದೊಳಗಿನ ವಿಮಾನವಾದರೆ ಚೆಕ್‌ಇನ್ ಸಾಮಾನು ತೆಗೆದುಕೊಂಡು ಹೊರಬರಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ವಿದೇಶದಿಂದಾದರೆ ವಲಸೆ ತಪಾಸಣೆ, ಸಾಮಾನು, ಕಸ್ಟಮ್ಸ್ ಎಲ್ಲ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳುವುದು ಕ್ಷೇಮ.

ಬೆಳಗಿನ ಜಾವ ಐದೂವರೆಗೆ ಮೊದಲು ಕಾರಿನಲ್ಲಿ ಕೂತಿದ್ದರೆ ಯಾವ ದಾರಿಯಾದರೂ ಸರಿ. ಹೆಬ್ಬಾಳ ಖಾಲಿ ಇರುತ್ತದೆ, ದಾರಿಯುದ್ದಕ್ಕೂ ದೀಪ, ಪೆಟ್ರೋಲ್ ಬಂಕ್, ನೆಲಮಂಗಲ ದಾಟಿದ ಮೇಲೆ ಇಡ್ಲಿ ಹೋಟೆಲ್ ಇವೆ. ಬೆಳಿಗ್ಗೆ ಎಂಟರಿಂದ ಹನ್ನೊಂದು, ಸಂಜೆ ನಾಲ್ಕೂವರೆಯಿಂದ ರಾತ್ರಿ ಒಂಬತ್ತೂವರೆ, ಈ ಎರಡು ಹೊತ್ತಿನಲ್ಲಿ ಯೋಚನೆಯನ್ನೇ ಮಾಡದೆ ದೊಡ್ಡಬಳ್ಳಾಪುರದ ದಾರಿ ಹಿಡಿಯಿರಿ. ಮಧ್ಯಾಹ್ನ ಎರಡೂ ನಡೆಯುತ್ತವೆ, ಆದರೂ ನನ್ನ ಮತ ದೊಡ್ಡಬಳ್ಳಾಪುರಕ್ಕೇ. ನಡುರಾತ್ರಿಯ ಲೆಕ್ಕವೇ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಒಂದು ಅಪವಾದವೂ ಇದೆ. ಭಾನುವಾರ ಸಂಜೆ ಹೆದ್ದಾರಿಯ ವಾಹನಗಳೆಲ್ಲ ಊರಿಂದ ಬೆಂಗಳೂರಿನ ಕಡೆಗೆ ಮುಖ ಮಾಡಿರುತ್ತವೆ. ಆಗ ನೆಲಮಂಗಲದಿಂದ ತುಮಕೂರಿನ ಕಡೆಗೆ ಹೋಗುವ ಪಕ್ಕ ಹಗುರ.

ಕಾರಿನಲ್ಲಿ ಹೋಗುವವರಿಗೆ

1. ನಿಲ್ದಾಣದ ರಸ್ತೆಯಿಂದ ಹೊರಬಂದು ಬಳ್ಳಾರಿ ರಸ್ತೆ ಸೇರುವಲ್ಲಿ ಬೆಂಗಳೂರಿನ ಕಡೆ ತಿರುಗದೆ ಉತ್ತರಕ್ಕೆ, ದೇವನಹಳ್ಳಿಯ ಕಡೆ ತಿರುಗಿ. ಈ ಒಂದು ತಿರುವಿನಲ್ಲಿ ತಪ್ಪಿದರೆ ಮತ್ತೆ ಹಿಂದಿರುಗಲು ಸಾಕಷ್ಟು ದೂರ ಹೋಗಬೇಕಾಗುತ್ತದೆ. ಚಾಲಕರು ಅಭ್ಯಾಸಬಲದಿಂದ ಹೆಬ್ಬಾಳದ ಕಡೆ ಎಳೆಯುವುದು ಇಲ್ಲೇ, ಹಾಗಾಗಿ ಕಾರು ಹೊರಡುವ ಮೊದಲೇ ದಾರಿ ಹೇಳಿಬಿಡಿ.

2. ಫೋನಿನ ನಕ್ಷೆಯಲ್ಲಿ ಬರೀ ‘ತುಮಕೂರು’ ಎಂದು ಹಾಕಬೇಡಿ. ದೊಡ್ಡಬಳ್ಳಾಪುರ, ಡಾಬಸ್‌ಪೇಟೆ ಎರಡನ್ನೂ ನಡುವಿನ ನಿಲುಗಡೆಯಾಗಿ ಸೇರಿಸಿ. ಇಲ್ಲದಿದ್ದರೆ ಎರಡು ನಿಮಿಷ ಉಳಿಸುವ ಆಸೆಗೆ ಅದು ರಾಜಾನುಕುಂಟೆ, ಹೆಸರಘಟ್ಟದ ಹಳ್ಳಿರಸ್ತೆಗಳೊಳಗೆ ನುಗ್ಗಿಸುವುದುಂಟು. ಹಗಲಲ್ಲಿ ಅದು ಬರೀ ಕಿರಿಕಿರಿ. ರಾತ್ರಿ ಗೊತ್ತಿಲ್ಲದ ರಸ್ತೆಯ ಉಬ್ಬುಗಳು ಕಾರಿನ ತಳ ಸವರುತ್ತವೆ.

3. ದೇವನಹಳ್ಳಿ ದಾಟಿ ವರ್ತುಲ ರಸ್ತೆಗೆ ಏರಿ ಪಶ್ಚಿಮಕ್ಕೆ ಸಾಗಿ. ಹಳೆಯ ರಸ್ತೆಯೂ ಇದೆ. ಅದು ವಿಶ್ವನಾಥಪುರ, ಬೆಂಗಳೂರು ಗ್ರಾಮಾಂತರ ಜಿಲ್ಲಾಡಳಿತ ಭವನವಿರುವ ಬೀರಸಂದ್ರದ ಕಡೆಯಿಂದ ದೊಡ್ಡಬಳ್ಳಾಪುರ ತಲುಪುತ್ತದೆ. ಟೋಲ್ ಉಳಿಸಬೇಕೆಂಬ ಹಟವಿದ್ದರೆ ಅದನ್ನು ಹಿಡಿಯಿರಿ. ಹೊತ್ತು ಉಳಿಸಬೇಕಿದ್ದರೆ ಬೇಡ.

4. ದೊಡ್ಡಬಳ್ಳಾಪುರದಿಂದ ಡಾಬಸ್‌ಪೇಟೆ ಸುಮಾರು 40 ಕಿ.ಮೀ. ಎರಡೂ ತುದಿಗಳಲ್ಲಿ ಕೈಗಾರಿಕಾ ಪ್ರದೇಶ ಇರುವುದರಿಂದ ಭಾರದ ಲಾರಿಗಳು ಹಗಲು ರಾತ್ರಿ ಓಡುತ್ತವೆ. ನಡುವೆ ಊಟ ತಿಂಡಿಗೆ ಒಳ್ಳೆಯ ಜಾಗಗಳು ಕಡಿಮೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಶೌಚಾಲಯದ ಕೆಲಸವನ್ನು ನಿಲ್ದಾಣದಲ್ಲೇ ಮುಗಿಸಿಕೊಳ್ಳಿ.

5. ಡಾಬಸ್‌ಪೇಟೆಯಲ್ಲಿ ಪುಣೆ ಹೆದ್ದಾರಿ ಸೇರುತ್ತೀರಿ. ಅಲ್ಲಿಂದ ಹಿರೇಹಳ್ಳಿ, ಕ್ಯಾತ್ಸಂದ್ರ, ಮುಂದೆ ತುಮಕೂರು. ನೆಲಮಂಗಲ–ತುಮಕೂರು ನಡುವೆ ಹೆದ್ದಾರಿಯನ್ನು ಆರು ಪಥಕ್ಕೆ ಅಗಲಿಸುವ ಕೆಲಸದಿಂದಾಗಿ ಅಲ್ಲಲ್ಲಿ ಸರ್ವಿಸ್ ರಸ್ತೆಗೆ ಇಳಿಸುತ್ತಾರೆ. ಇಲ್ಲಿಗೆ ಅರ್ಧ ಗಂಟೆ ಹೆಚ್ಚುವರಿ ಇಟ್ಟುಕೊಂಡರೆ ನೆಮ್ಮದಿ.

6. ನಗರದೊಳಗೆ ಹೋಗುವವರು ಕ್ಯಾತ್ಸಂದ್ರದಲ್ಲೇ ಬೈಪಾಸ್ ಬಿಟ್ಟು ಬಿ.ಎಚ್. ರಸ್ತೆಗೆ ಬನ್ನಿ. ಬಟವಾಡಿ, ಭದ್ರಮ್ಮ ವೃತ್ತ, ಟೌನ್‌ಹಾಲ್ ಎಲ್ಲ ಈ ಒಂದೇ ಗೆರೆಯಲ್ಲಿ ಬರುತ್ತವೆ. ಶಿರಾ ಗೇಟ್ ಕಡೆಯ ಬಡಾವಣೆಗಳಿಗೆ ಮಾತ್ರ ಬೈಪಾಸ್‌ನಲ್ಲೇ ಮುಂದೆ ಹೋಗಿ ಆ ಕಡೆಯಿಂದ ಒಳಬರುವುದು ಮೇಲು. ಶಾಲೆ ಬಿಡುವ ಹೊತ್ತಿನಲ್ಲಿ ಬಿ.ಎಚ್. ರಸ್ತೆಗೆ ಬಿದ್ದರೆ ಕೊನೆಯ ನಾಲ್ಕು ಕಿ.ಮೀ. ಇಡೀ ಪ್ರಯಾಣಕ್ಕಿಂತ ಉದ್ದವೆನಿಸುತ್ತದೆ.

ಬಾಡಿಗೆಯ ಗಣಿತ

ಟ್ಯಾಕ್ಸಿಯವರು ತುಮಕೂರು ಎಂದೊಡನೆ ಮುಖ ಸಿಂಡರಿಸುವುದಕ್ಕೆ, ದುಪ್ಪಟ್ಟು ಕೇಳುವುದಕ್ಕೆ ಕಾರಣವಿದೆ. ಬೆಂಗಳೂರಿನೊಳಗೆ ಒಬ್ಬರನ್ನು ಇಳಿಸಿದರೆ ಅಲ್ಲೇ ಇನ್ನೊಬ್ಬರು ಸಿಗುತ್ತಾರೆ. ತುಮಕೂರಿನಲ್ಲಿ ಇಳಿಸಿದವನು ಖಾಲಿ ಕಾರಿನಲ್ಲಿ ಹಿಂದಿರುಗಬೇಕು. ಅದಕ್ಕೇ ಊರಾಚೆಯ ಬಾಡಿಗೆಯಲ್ಲಿ ಹೋಗಿಬರುವ ಲೆಕ್ಕ, ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಕಟ್ಟಳೆ, ಅದರ ಮೇಲೆ ಚಾಲಕನ ಬಾಟಾ. ನೀವು ಹೋಗುವುದು 85 ಕಿ.ಮೀ., ಹೋಗಿಬಂದರೂ 170. ಆದರೂ ಕೊಡುವುದು 250ಕ್ಕೋ 300ಕ್ಕೋ. ಹಾಗಾಗಿ ಕೇಳಬೇಕಾದ ಮಾತು ‘ತುಮಕೂರಿಗೆ ಎಷ್ಟು?’ ಎಂದಲ್ಲ. ‘ಒನ್‌ವೇ ಡ್ರಾಪ್ ಇದೆಯೇ, ಟೋಲ್ ಸೇರಿ ಎಷ್ಟು?’ ಎಂದು.

ಅಳತೆಗೊಂದು ಕೋಲು ಬೇಕಿದ್ದರೆ, 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ನಗರ ಟ್ಯಾಕ್ಸಿಗಳಿಗೆ ಒಂದೇ ದರ ಗೊತ್ತುಪಡಿಸಿತು. ಹತ್ತು ಲಕ್ಷದೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 24. ನಡುರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. ಊರಾಚೆಯ ಬಾಡಿಗೆಗೆ ಈ ದರ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅದೇ ಲೆಕ್ಕದಲ್ಲಿ 85 ಕಿ.ಮೀ.ಗೆ ಎರಡು ಸಾವಿರದ ಚಿಲ್ಲರೆ ಆಗುತ್ತದೆ. ಯಾರಾದರೂ ಐದು ಸಾವಿರ ಕೇಳಿದರೆ ಆ ಹೆಚ್ಚಿನ ಹಣ ಯಾವುದಕ್ಕೆ ಎಂದು ವಿಚಾರಿಸಲು ಇಷ್ಟು ತಿಳಿದಿದ್ದರೆ ಸಾಕು.

ಊರಿನಿಂದಲೇ ಗೊತ್ತಿರುವವರ ಕಾರು ಕರೆಸುವುದು ನಮ್ಮಲ್ಲಿ ಹೆಚ್ಚು. ಹಣದಲ್ಲಿ ದೊಡ್ಡ ಉಳಿತಾಯವಿಲ್ಲ, ಏಕೆಂದರೆ ಅವನೂ ಖಾಲಿ ಬರಬೇಕು. ಆದರೆ ವಿಮಾನ ಎರಡು ಗಂಟೆ ತಡವಾದರೆ ಅವನು ಕಾಯುತ್ತಾನೆ, ಮನೆಯ ಗಲ್ಲಿಯವರೆಗೆ ದಾರಿ ಗೊತ್ತಿರುತ್ತದೆ, ಅಮ್ಮನ ಕೈಗೆ ಫೋನ್ ಕೊಟ್ಟು ಮಾತಾಡಿಸುತ್ತಾನೆ. ರಾತ್ರಿ ಬರುವವರಿಗೆ, ದೊಡ್ಡ ಸಾಮಾನಿನವರಿಗೆ ನಾನು ಹೇಳುವುದು ಇದನ್ನೇ. ಒಂದೇ ಷರತ್ತು: ಹಳದಿ ಫಲಕದ ಕಾರೇ ಆಗಿರಲಿ. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯ ಹಣಕ್ಕೆ ತಕರಾರು ಬರುತ್ತದೆ.

ಕರೆದೊಯ್ಯಲು ಬರುವವರಿಗೆ ಟರ್ಮಿನಲ್ ಯಾವುದೆಂದು ಮೊದಲೇ ತಿಳಿಸಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಲ್ಲಿವೆ. ದೇಶೀಯ ವಿಮಾನಗಳು ಕಂಪನಿಗೆ ತಕ್ಕಂತೆ ಎರಡರಲ್ಲೂ ಇವೆ. ಬಾಗಿಲ ಮುಂದಿನ ಪಥದಲ್ಲಿ ಹೆಚ್ಚು ಹೊತ್ತು ಕಾರು ನಿಲ್ಲಿಸಲು ಬಿಡುವುದಿಲ್ಲ, ದಂಡ ಬೀಳುತ್ತದೆ. ನೀವು ಸಾಮಾನು ಕೈಗೆ ಬಂದ ಮೇಲೆ ಕರೆ ಮಾಡಿ, ಅವರು ಪಾರ್ಕಿಂಗ್‌ನಿಂದ ಹೊರಡಲಿ.

ಬಸ್ಸೇ ಸಾಕು ಎನ್ನುವವರಿಗೆ

ಒಂಟಿಯಾಗಿ, ಒಂದು ಬ್ಯಾಗಿನೊಂದಿಗೆ ಹಗಲಲ್ಲಿ ಬರುವವರು ಕಾರಿಗೆ ಸಾವಿರಾರು ಸುರಿಯಬೇಕಾಗಿಲ್ಲ.

ಮೊದಲು ನೋಡಬೇಕಾದದ್ದು ಕೆಎಸ್‌ಆರ್‌ಟಿಸಿ ಫ್ಲೈಬಸ್. 2025ರಲ್ಲಿ ನಿಲ್ದಾಣದಿಂದ ದಾವಣಗೆರೆಗೆ ತುಮಕೂರು, ಚಿತ್ರದುರ್ಗ ಮಾರ್ಗವಾಗಿ ಈ ಸೇವೆ ಆರಂಭವಾಯಿತು. ದಿನಕ್ಕೆ ಕೆಲವೇ ಬಸ್ಸು. ಆದ್ದರಿಂದ ವಿಮಾನದ ಟಿಕೆಟ್ ತೆಗೆಯುವ ಮೊದಲೇ ನಿಗಮದ ಜಾಲತಾಣದಲ್ಲಿ ಹೊತ್ತು ನೋಡಿ. ನಿಮ್ಮ ವಿಮಾನಕ್ಕೆ ಹೊಂದಿದರೆ ಇದಕ್ಕಿಂತ ಸುಖ ಬೇರಿಲ್ಲ. ಬುಕ್ ಮಾಡುವಾಗ ಇಳಿಯುವ ಜಾಗ ಓದಿಕೊಳ್ಳಿ. ‘ತುಮಕೂರು ಬೈಪಾಸ್’ ಎಂದಿದ್ದರೆ ಬಸ್ಸು ಊರೊಳಗಿನ ನಿಲ್ದಾಣಕ್ಕೆ ಬರುವುದಿಲ್ಲ. ಅಲ್ಲಿಂದ ಆಟೋ ಬೇಕು, ಇಲ್ಲವೇ ಮನೆಯವರು ಬೈಪಾಸ್‌ಗೆ ಬರಬೇಕು.

ಫ್ಲೈಬಸ್ ಹೊಂದದಿದ್ದರೆ ಉಳಿಯುವುದು ಮೂರು ದಾರಿ. ಅವುಗಳ ಗುಣಾವಗುಣ ಒಂದೇ ತರಹದ್ದಲ್ಲ.

ಮೆಜೆಸ್ಟಿಕ್ ದಾರಿ ಉದ್ದ, ಆದರೆ ಖಚಿತ. ಬಿಎಂಟಿಸಿಯ ವಾಯುವಜ್ರ ಕೆಐಎ–9 ನಿಮ್ಮನ್ನು ಕೆಂಪೇಗೌಡ ಬಸ್ ನಿಲ್ದಾಣಕ್ಕೆ ಒಯ್ಯುತ್ತದೆ. ಸೂಟ್‌ಕೇಸ್‌ಗೆ ಜಾಗವಿದೆ. ಎದುರಿನ ಕೆಎಸ್‌ಆರ್‌ಟಿಸಿ ನಿಲ್ದಾಣದಲ್ಲಿ ತುಮಕೂರಿನ ಬಸ್ಸು ಹಗಲಿಡೀ ಒಂದರ ಹಿಂದೊಂದು. ತಡೆರಹಿತ ಬಸ್ಸನ್ನೇ ಕೇಳಿ. ಅದು ಡಾಬಸ್‌ಪೇಟೆ, ಹಿರೇಹಳ್ಳಿಗಳಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಾ ಹೋಗುವುದಿಲ್ಲ. ಇಲ್ಲಿಯ ಲಾಭ ಸೀಟು: ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಕೂತು ಹೋಗಬಹುದು.

ಹೆಬ್ಬಾಳದಲ್ಲಿ ಇಳಿದು, ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಗೊರಗುಂಟೆಪಾಳ್ಯಕ್ಕೆ ಬಂದು, ಅಲ್ಲಿ ತುಮಕೂರಿನ ಬಸ್ಸು ಹಿಡಿಯುವುದು ಕಾಗದದ ಮೇಲೆ ಚಂದ. ಮೆಜೆಸ್ಟಿಕ್‌ನ ಸುತ್ತು ತಪ್ಪುತ್ತದೆ. ಆದರೆ ಹೆಬ್ಬಾಳದಲ್ಲಿ ಒಂದು ಬಸ್ಸಿನಿಂದ ಇಳಿದು ಇನ್ನೊಂದನ್ನು ಹಿಡಿಯಲು ಸಾಮಾನು ಎಳೆದುಕೊಂಡು ನಡೆಯಬೇಕು. ಗೊರಗುಂಟೆಪಾಳ್ಯದಲ್ಲಿ ಬರುವ ಬಸ್ಸುಗಳು ಆಗಲೇ ತುಂಬಿರುತ್ತವೆ. ಬೆನ್ನಿಗೊಂದು ಚೀಲವಿರುವ ವಿದ್ಯಾರ್ಥಿಗೆ ಇದು ಸರಿ. ಎರಡು ದೊಡ್ಡ ಸೂಟ್‌ಕೇಸ್ ಇರುವವರಿಗೆ ಶಿಕ್ಷೆ.

ಮೂರನೆಯದು ದೊಡ್ಡಬಳ್ಳಾಪುರದ ಕೆಂಪು ಬಸ್ಸು. ನಿಲ್ದಾಣದಿಂದ ಆಟೋ ಅಥವಾ ಕ್ಯಾಬ್‌ನಲ್ಲಿ ದೇವನಹಳ್ಳಿಗೋ ನೇರ ದೊಡ್ಡಬಳ್ಳಾಪುರ ಬಸ್ ನಿಲ್ದಾಣಕ್ಕೋ ಬಂದರೆ, ಡಾಬಸ್‌ಪೇಟೆ ಮೂಲಕ ತುಮಕೂರಿಗೆ ಹೋಗುವ ಬಸ್ಸು ಸಿಗುತ್ತದೆ. ಬೆಂಗಳೂರನ್ನು ನೋಡುವ ಪ್ರಸಂಗವೇ ಇಲ್ಲ. ಸಂಜೆಯಾದಂತೆ ಬಸ್ಸುಗಳು ವಿರಳವಾಗುವುದರಿಂದ ಇದು ಹಗಲಿನ ಆಯ್ಕೆ ಮಾತ್ರ. ಕ್ಯಾಬ್ ದೊಡ್ಡಬಳ್ಳಾಪುರಕ್ಕೆ ಮಾತ್ರವಾದ್ದರಿಂದ ಖರ್ಚು ತುಮಕೂರಿನ ಬಾಡಿಗೆಯ ಒಂದು ಪಾಲಷ್ಟೇ ಆಗುತ್ತದೆ. ಇಬ್ಬರು ಮೂವರು ಸೇರಿ ಹೋಗುವಾಗ ಈ ಅರ್ಧ ಕ್ಯಾಬ್, ಅರ್ಧ ಬಸ್ಸಿನ ಉಪಾಯ ನನಗೆ ಎಲ್ಲಕ್ಕಿಂತ ಇಷ್ಟ.

ಮಹಿಳೆಯರು ಗಮನಿಸಿ: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಕೆಂಪು ಬಸ್ಸುಗಳಿಗೆ ಮಾತ್ರ. ವಾಯುವಜ್ರ, ಫ್ಲೈಬಸ್, ರಾಜಹಂಸ, ಐರಾವತಗಳಿಗೆ ಟಿಕೆಟ್ ತೆಗೆಯಬೇಕು. ಅಂದರೆ ಮೆಜೆಸ್ಟಿಕ್‌ನಿಂದ ಅಥವಾ ದೊಡ್ಡಬಳ್ಳಾಪುರದಿಂದ ಮುಂದೆ ಉಚಿತವಾಗಿ ಬರಬಹುದು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ. ಅದನ್ನು ಚೆಕ್‌ಇನ್ ಪೆಟ್ಟಿಗೆಯ ತಳಕ್ಕೆ ಸೇರಿಸಿಬಿಟ್ಟರೆ ಬಸ್ಸಿನಲ್ಲಿ ಪೆಟ್ಟಿಗೆ ಬಿಚ್ಚಬೇಕಾಗುತ್ತದೆ.

ಗುಬ್ಬಿಯವರಿಗೆ ರೈಲು

ತುಮಕೂರಿನಿಂದ ಗುಬ್ಬಿ ಬಿ.ಎಚ್. ರಸ್ತೆಯಲ್ಲಿ ಸುಮಾರು 20 ಕಿ.ಮೀ. ಕಾರಿನವರು ಗುಬ್ಬಿ ಗೇಟ್ ದಾಟಿ ನೇರ ಹೋದರೆ ಆಯಿತು. ಬಸ್ಸಿನವರಿಗೆ ಇನ್ನೊಂದು ಬಸ್ಸು ಬದಲಾಯಿಸುವ ಕೆಲಸ, ಅಥವಾ ಮೆಜೆಸ್ಟಿಕ್‌ನಲ್ಲೇ ತಿಪಟೂರು, ಅರಸೀಕೆರೆ, ಶಿವಮೊಗ್ಗದ ಕಡೆಯ ಬಸ್ಸು ಹತ್ತುವುದು. ದೂರದ ವೇಗದ ಬಸ್ಸು ಗುಬ್ಬಿಯಲ್ಲಿ ನಿಲ್ಲುತ್ತದೆಯೇ ಎಂದು ಹತ್ತುವ ಮೊದಲು ನಿರ್ವಾಹಕರನ್ನು ಕೇಳಿ.

ಗುಬ್ಬಿಗೆ ರೈಲು ಹೆಚ್ಚು ಹದವಾಗಿ ಹೊಂದುತ್ತದೆ. ಬೆಂಗಳೂರು–ಹುಬ್ಬಳ್ಳಿ ಹಳಿಯ ಮೇಲೆ ತುಮಕೂರು, ಗುಬ್ಬಿ ಎರಡೂ ಇವೆ. ಯಶವಂತಪುರದಲ್ಲಿ ಹತ್ತಿದರೆ ಪೀಣ್ಯ, ನೆಲಮಂಗಲದ ಗದ್ದಲವಿಲ್ಲದೆ ಹೋಗಬಹುದು. ತಪ್ಪು ಆಗುವುದು ರೈಲಿನ ಆಯ್ಕೆಯಲ್ಲಿ. ಜನಶತಾಬ್ದಿ, ವಂದೇ ಭಾರತ್‌ನಂಥ ವೇಗದ ರೈಲುಗಳು ತುಮಕೂರಿನಲ್ಲಿ ನಿಲ್ಲುತ್ತವೆ, ಗುಬ್ಬಿಯಲ್ಲಿ ನಿಲ್ಲುವುದಿಲ್ಲ. ಗುಬ್ಬಿಗೆ ಬೇಕಾದದ್ದು ಅರಸೀಕೆರೆಯ ಕಡೆಗೆ ಹೋಗುವ ಪ್ಯಾಸೆಂಜರ್ ರೈಲುಗಳು, ನಿಲುಗಡೆಯಿರುವ ಕೆಲವು ಎಕ್ಸ್‌ಪ್ರೆಸ್‌ಗಳು. ತುಮಕೂರಿಗಷ್ಟೇ ಹೋಗುವವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಯಶವಂತಪುರ–ತುಮಕೂರು ಮೆಮು ರೈಲು ಕೂಡ ಸೇರಿಕೊಂಡಿತು.

ವಿಮಾನ ನಿಲ್ದಾಣದ ಹೆಸರಿನಲ್ಲೇ ಒಂದು ರೈಲು ನಿಲುಗಡೆ 2021ರ ಜನವರಿಯಿಂದ ಇದೆ, ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಮೇಲೆ. ಬೆರಳೆಣಿಕೆಯ ರೈಲುಗಳು, ಅವುಗಳ ಹೊತ್ತು ನಿಮ್ಮ ವಿಮಾನಕ್ಕೆ ಕೂಡಿಬಂದರೆ ಅದೃಷ್ಟ. ಅದನ್ನು ನೆಚ್ಚಿ ಯೋಜನೆ ಹಾಕಬೇಡಿ.

ಕುಣಿಗಲ್: ಜಿಲ್ಲೆ ಒಂದೇ, ದಾರಿ ಬೇರೆ

ಕುಣಿಗಲ್ ತುಮಕೂರು ಜಿಲ್ಲೆಯ ತಾಲ್ಲೂಕು. ಆ ಕಾರಣಕ್ಕೆ ಹೊರಗಿನಿಂದ ಬಂದವರು ತುಮಕೂರಿಗೆ ಬಂದು ಅಲ್ಲಿಂದ ಕುಣಿಗಲ್‌ಗೆ ಹೋಗುವುದುಂಟು. ಎರಡೂರಿನ ನಡುವೆ ಸುಮಾರು 37 ಕಿ.ಮೀ., ಸುಮ್ಮನೆ ಸುತ್ತು. ಕುಣಿಗಲ್ ಇರುವುದು ಹಾಸನ, ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಅದು ನೆಲಮಂಗಲದಲ್ಲಿ ತುಮಕೂರು ರಸ್ತೆಯಿಂದ ಕವಲೊಡೆಯುತ್ತದೆ. ನೀವು ಗುರಿಯಿಡಬೇಕಾದದ್ದು ನೆಲಮಂಗಲಕ್ಕೆ.

ಕಾರಿನಲ್ಲಿ, ದಟ್ಟಣೆಯ ಹೊತ್ತಿನಲ್ಲಿ, ದೊಡ್ಡಬಳ್ಳಾಪುರಕ್ಕೆ ಬಂದು ಅಲ್ಲಿಂದ ಶನಿಮಹಾತ್ಮನ ದೇವಸ್ಥಾನದ ಮಧುರೆ ಮಾರ್ಗವಾಗಿ ನೆಲಮಂಗಲಕ್ಕೆ ಇಳಿಯಿರಿ. ಹೆಬ್ಬಾಳ, ಗೊರಗುಂಟೆಪಾಳ್ಯ, ಪೀಣ್ಯ ಮೂರೂ ತಪ್ಪುತ್ತವೆ. ಶನಿವಾರ ಮಾತ್ರ ಮಧುರೆಯಲ್ಲಿ ಭಕ್ತರ ವಾಹನಗಳು ಸೇರುತ್ತವೆ, ಶ್ರಾವಣ ಶನಿವಾರವಾದರೆ ಕೇಳುವುದೇ ಬೇಡ. ಖಾಲಿ ಹೊತ್ತಿನಲ್ಲಿ ಹೆಬ್ಬಾಳದ ದಾರಿಯೇ ಸರಿ. ಯಾವ ಕಡೆಯಿಂದ ಬಂದರೂ ನೂರು ಕಿ.ಮೀ. ಅಂದಾಜು.

ಬಸ್ಸಿನವರು ಮೆಜೆಸ್ಟಿಕ್‌ನಲ್ಲಿ ಕುಣಿಗಲ್ ಬಸ್ಸನ್ನೇ ಹತ್ತಿ. ಹಾಸನ, ಧರ್ಮಸ್ಥಳ, ಮಂಗಳೂರಿನ ಐಷಾರಾಮಿ ಬಸ್ಸುಗಳು ಕುಣಿಗಲ್ ಊರೊಳಗೆ ಬಾರದೆ ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ. ರಾತ್ರಿ ಎರಡು ಗಂಟೆಗೆ ಬೈಪಾಸ್‌ನಲ್ಲಿ ಇಳಿದರೆ ಆಟೋ ಸಿಗುವ ಭರವಸೆಯಿಲ್ಲ. ನೆಲಮಂಗಲ–ಶ್ರವಣಬೆಳಗೊಳ ಹಳಿ 2017ರಲ್ಲಿ ಪೂರ್ಣಗೊಂಡ ಮೇಲೆ ಕುಣಿಗಲ್‌ಗೆ ರೈಲೂ ಬಂದಿದೆ, ಯಶವಂತಪುರ–ಹಾಸನ ಇಂಟರ್‌ಸಿಟಿ ಈ ಹಳಿಯದ್ದೇ. ರೈಲುಗಳ ಸಂಖ್ಯೆ ಕಡಿಮೆಯಾದ್ದರಿಂದ ವೇಳಾಪಟ್ಟಿ ನೋಡದೆ ಯಶವಂತಪುರಕ್ಕೆ ಹೋಗಿ ಕಾಯಬೇಡಿ.

ಅಂದಹಾಗೆ, ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ನೋಡಿರುವ ಮೂರು ಜಾಗಗಳಲ್ಲಿ ಒಂದು ನೆಲಮಂಗಲ–ಕುಣಿಗಲ್ ರಸ್ತೆಯಲ್ಲೇ ಇದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಯೂ ಹೋಯಿತು. ಆದರೆ ಈಗಿನ ನಿಲ್ದಾಣದ 150 ಕಿ.ಮೀ. ವ್ಯಾಪ್ತಿಯಲ್ಲಿ 2033ರವರೆಗೆ ಇನ್ನೊಂದು ಬರುವಂತಿಲ್ಲ ಎಂಬ ಒಪ್ಪಂದವಿದೆ. ಮಾದಾವರದವರೆಗೆ ಬಂದಿರುವ ಹಸಿರು ಮೆಟ್ರೊವನ್ನು ತುಮಕೂರಿಗೆ ಎಳೆಯುವ ಮಾತೂ ವರದಿಗಳ ಹಂತದ್ದು. ಸದ್ಯಕ್ಕೆ ನಮಗಿರುವುದು ಡಾಬಸ್‌ಪೇಟೆ.

ನಡುರಾತ್ರಿ ಇಳಿಯುವವರಿಗೆ

ವಿದೇಶದ ವಿಮಾನಗಳಲ್ಲಿ ಬಹಳಷ್ಟು ಇಳಿಯುವುದು ಅಪರಾತ್ರಿಯಲ್ಲಿ. ಆಗ ಹೆಬ್ಬಾಳ ಖಾಲಿ, ದೊಡ್ಡಬಳ್ಳಾಪುರದ ರಸ್ತೆಯೂ ಖಾಲಿ. ನನ್ನ ಸಲಹೆ ಹಗಲಿನದ್ದಕ್ಕೆ ಉಲ್ಟಾ: ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ಐದರವರೆಗೆ ಹೆಬ್ಬಾಳ, ನೆಲಮಂಗಲದ ದಾರಿಯಲ್ಲೇ ಹೋಗಿ. ಹತ್ತು ಕಿ.ಮೀ. ಹೆಚ್ಚಾದರೂ ದೀಪವಿದೆ, ಜನವಿದ್ದಾರೆ, ಟೈರ್ ಪಂಕ್ಚರ್ ಆದರೆ ಯಾರಾದರೂ ಸಿಗುತ್ತಾರೆ. ಚಾಲಕನ ಕಣ್ಣಲ್ಲಿ ನಿದ್ದೆ ಕಂಡರೆ ಮುಜುಗರ ಪಡಬೇಡಿ. ನೆಲಮಂಗಲದ ಸುತ್ತಮುತ್ತ ಕಾರು ನಿಲ್ಲಿಸಿ ಚಹಾ ಕುಡಿಸಿ. ಹೆದ್ದಾರಿ ಪಕ್ಕದಲ್ಲಿ ದೀಪವಿಲ್ಲದೆ ನಿಂತ ಲಾರಿಗಳು ಈ ಹೊತ್ತಿನ ದೊಡ್ಡ ಅಪಾಯ.

ಒಂಟಿಯಾಗಿ ಬಂದು ಬಸ್ಸನ್ನೇ ನಂಬಿದವರು ನಡುರಾತ್ರಿ ಮೆಜೆಸ್ಟಿಕ್‌ಗೆ ಹೋಗಿ ಬೆಂಚಿನ ಮೇಲೆ ಕೂರುವುದಕ್ಕಿಂತ ವಿಮಾನ ನಿಲ್ದಾಣದಲ್ಲೇ ಬೆಳಗಾಗಿಸುವುದು ಉತ್ತಮ. ಅಲ್ಲಿ ಶೌಚಾಲಯ, ಕಾಫಿ, ಚಾರ್ಜಿಂಗ್, ಕಾವಲು ಎಲ್ಲ ಇದೆ. ನಾಲ್ಕೂವರೆಯ ಸುಮಾರಿಗೆ ವಾಯುವಜ್ರ ಹತ್ತಿದರೆ ದಟ್ಟಣೆ ಶುರುವಾಗುವ ಮೊದಲೇ ನೆಲಮಂಗಲ ದಾಟಿರುತ್ತೀರಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಫೋನನ್ನು ಪೂರ್ತಿ ನೆಚ್ಚುವುದು ಮೊದಲನೆಯದು. ವಿದೇಶದಿಂದ ಬಂದವರ ಭಾರತದ ಸಿಮ್ ಆಗಲೇ ನಿಂತುಹೋಗಿರುತ್ತದೆ. ಒಟಿಪಿ ಬಾರದೆ ಕ್ಯಾಬ್ ಆ್ಯಪ್ ತೆರೆಯುವುದಿಲ್ಲ, ಯುಪಿಐ ನಡೆಯುವುದಿಲ್ಲ. ಬಸ್ಸಿಗೆ, ಟೋಲ್‌ಗೆ, ಚಹಾಕ್ಕೆ ಆಗುವಷ್ಟು ನಗದು ಜೇಬಿನಲ್ಲಿರಲಿ. ಕರೆಯಲು ಬರುವವರ ನಂಬರನ್ನು ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ಬಾಗಿಲ ಬಳಿ ‘ಟ್ಯಾಕ್ಸಿ ಸಾರ್, ತುಮಕೂರಾ?’ ಎಂದು ಬೆನ್ನು ಹತ್ತುವವರ ಜೊತೆ ಹೋಗುವುದು ಇನ್ನೊಂದು. ಅಧಿಕೃತ ಕ್ಯಾಬ್‌ಗಳಿಗೆ ಗೊತ್ತಾದ ಸಾಲು, ಗೊತ್ತಾದ ಕೌಂಟರ್ ಇವೆ. ಕಾರು ನಂಬರ್ ಮನೆಗೆ ಕಳಿಸಿದ ಮೇಲೆ ಹತ್ತಿ.

ಆ್ಯಪ್‌ನಲ್ಲಿ ಬೆಂಗಳೂರಿನೊಳಗಿನ ಯಾವುದೋ ಜಾಗ ಹಾಕಿ, ಹತ್ತಿದ ಮೇಲೆ ‘ತುಮಕೂರಿಗೆ ಬಿಡಪ್ಪಾ’ ಎಂದು ಚೌಕಾಸಿ ಮಾಡುವುದು ಹಲವರ ಜಾಣತನ. ಆ ಕ್ಷಣದಿಂದ ಬಿಲ್ ಇಲ್ಲ, ದಾರಿಯ ದಾಖಲೆ ಇಲ್ಲ, ಜಗಳವಾದರೆ ದೂರು ಕೊಡಲು ಏನೂ ಇಲ್ಲ. ಊರಾಚೆಯ ಪ್ರಯಾಣ ಎಂದೇ ಬುಕ್ ಮಾಡಿ.

ಫಾಸ್ಟ್ಯಾಗ್‌ನಲ್ಲಿ ಹಣವಿದೆಯೇ ಎಂದು ಚಾಲಕರನ್ನು ಹೊರಡುವ ಮೊದಲೇ ಕೇಳಿ. ಹೆಬ್ಬಾಳದ ದಾರಿಯಲ್ಲಾದರೆ ಸಾದಹಳ್ಳಿ ಟೋಲ್ ಮತ್ತು ತುಮಕೂರು ಹೆದ್ದಾರಿಯ ಟೋಲ್‌ಗಳು, ದೊಡ್ಡಬಳ್ಳಾಪುರದ ದಾರಿಯಲ್ಲಾದರೆ ವರ್ತುಲ ರಸ್ತೆಯ ಟೋಲ್. ಟ್ಯಾಗ್ ಖಾಲಿಯಾಗಿದ್ದರೆ ದುಡ್ಡೂ ಹೆಚ್ಚು, ಹಿಂದಿನವರ ಹಾರ್ನೂ ಹೆಚ್ಚು.

ಮರಳಿ ಹೋಗುವಾಗ

ಬರುವಾಗ ತಡವಾದರೆ ಊಟ ತಣ್ಣಗಾಗುತ್ತದೆ, ಹೋಗುವಾಗ ತಡವಾದರೆ ವಿಮಾನ ತಪ್ಪುತ್ತದೆ. ತುಮಕೂರಿನಿಂದ ದೇಶೀಯ ವಿಮಾನಕ್ಕೆ ಐದು ಗಂಟೆ ಮೊದಲು, ಅಂತರರಾಷ್ಟ್ರೀಯ ವಿಮಾನಕ್ಕೆ ಆರರಿಂದ ಏಳು ಗಂಟೆ ಮೊದಲು ಮನೆ ಬಿಡಿ. ಗುಬ್ಬಿಯವರು ಇದಕ್ಕೆ ಮುಕ್ಕಾಲು ಗಂಟೆ ಸೇರಿಸಿ. ಹಗಲಲ್ಲಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ದಾರಿಯೇ ಹಿಡಿಯಿರಿ. ಸೋಮವಾರ ಬೆಳಿಗ್ಗೆಯ ವಿಮಾನವಿದ್ದರಂತೂ ನೆಲಮಂಗಲದ ಕಡೆ ತಲೆ ಹಾಕಬೇಡಿ. ಭಾನುವಾರ ಊರಲ್ಲಿ ಉಳಿದವರೆಲ್ಲ ಆಗಲೇ ಆ ರಸ್ತೆಯಲ್ಲಿ ಬೆಂಗಳೂರಿಗೆ ಹೊರಟಿರುತ್ತಾರೆ.